ವಾಸಿಯಾದಂತೆ ಕಂಡು ಮತ್ತೆ ಮರಳುವ ಡೈಪರ್ ದದ್ದು

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದ ಬಳಿ. ಮಗಳಿಗೆ ಈಗ ಎಂಟು ತಿಂಗಳು. ತವರಿನಲ್ಲಿದ್ದಷ್ಟು ಕಾಲ ಹಳೆಯ ಪಂಚೆ ಹರಿದ ಬಟ್ಟೆಯನ್ನೇ ಕಟ್ಟುತ್ತಿದ್ದೆವು, ಏನೂ ತೊಂದರೆಯಿರಲಿಲ್ಲ. ಮಳೆಗಾಲ ಶುರುವಾಗಿ ಬಟ್ಟೆ ಒಣಗದಾದಾಗ, ನಾನೂ ಮಂಗಳೂರಿನ ಕೆಲಸಕ್ಕೆ ಮರಳಿದ್ದರಿಂದ, ಹಗಲೂ ರಾತ್ರಿಯೂ ಡೈಪರ್ ಹಾಕತೊಡಗಿದೆವು. ಕಳೆದ ತಿಂಗಳು ಕೆಮ್ಮು ಜ್ವರಕ್ಕೆಂದು ಆ್ಯಂಟಿಬಯೋಟಿಕ್ ಸಿರಪ್ ಕೊಟ್ಟೆವು. ಅದರ ಬೆನ್ನಿಗೇ ನಾಲ್ಕೈದು ದಿನ ಭೇದಿಯಾಗಿ, ಹಿಂಭಾಗವೆಲ್ಲ ಕೆಂಪಾಯಿತು. ಮೆಡಿಕಲ್‌ನವರು ಕೊಟ್ಟ ಟ್ಯೂಬ್ ಹಚ್ಚಿದಾಗ ಎರಡೇ ದಿನಕ್ಕೆ ಇಳಿಯಿತು, ನಿಲ್ಲಿಸಿದ ವಾರದೊಳಗೆ ಮತ್ತೆ ಬಂತು. ಇನ್ನೊಮ್ಮೆ ಹಚ್ಚಿದೆವು, ಇನ್ನೊಮ್ಮೆ ಹೋಯಿತು. ಈಗ ಮೂರನೆಯ ಬಾರಿ ಬಂದಿದೆ. ತೊಡೆಯ ಸಂದಿನೊಳಗೂ ಇದೆ, ಸುತ್ತ ಸಣ್ಣ ಸಣ್ಣ ಕೆಂಪು ಗುಳ್ಳೆಗಳೂ ಇವೆ. ಡೈಪರ್‌ನಿಂದಲೇ ಹೀಗಾಗಿದೆ, ಬಟ್ಟೆಗೇ ಮರಳಬೇಕು, ಜೊತೆಗೆ ರಾಗಿ ಮಣ್ಣಿ ಉಷ್ಣವಾಗಿದೆ, ಅದನ್ನೂ ನಿಲ್ಲಿಸಬೇಕು ಎಂದು ಅತ್ತೆಯವರು ಹೇಳುತ್ತಾರೆ. ತೆಂಗಿನೆಣ್ಣೆಗೆ ಅರಸಿನ ಕಲಸಿ ಹಚ್ಚುತ್ತಾರೆ, ಮೇಲೆ ಪೌಡರ್ ಹಾಕುತ್ತಾರೆ. ನಾನು ಯಾವುದನ್ನು ಬಿಡಬೇಕು, ಯಾವುದನ್ನು ಮುಂದುವರಿಸಬೇಕು? ಆ ಟ್ಯೂಬನ್ನು ಮತ್ತೆ ಹಚ್ಚಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಇಂದು ರಾತ್ರಿಯೇ ನೀವು ತೀರ್ಮಾನಿಸಬೇಕಾದದ್ದು ಅದೊಂದೇ. ಆ ಟ್ಯೂಬನ್ನು ಮತ್ತೆ ಹಚ್ಚಬೇಡಿ. ಉಳಿದ ವಿಷಯಗಳಲ್ಲಿ ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧದಷ್ಟು ಸತ್ಯವಿದೆ, ನಿಮ್ಮ ಅನುಮಾನದಲ್ಲಿ ಇನ್ನರ್ಧವಿದೆ.

ಮಗುವನ್ನು ಕಣ್ಣಾರೆ ನೋಡದೆ ರೋಗವನ್ನು ಖಚಿತವಾಗಿ ಹೇಳುವುದು ಸಾಧ್ಯವಿಲ್ಲ. ಆದರೂ ನಿಮ್ಮ ಪತ್ರದ ವಿವರಗಳು, ಅಂದರೆ ಆ್ಯಂಟಿಬಯೋಟಿಕ್, ಅದರ ಬೆನ್ನಿಗೆ ಬಂದ ಭೇದಿ, ಟ್ಯೂಬ್ ಹಚ್ಚಿದಾಗ ಇಳಿದು ನಿಲ್ಲಿಸಿದಾಗ ಮರಳಿದ ಕೆಂಪು, ತೊಡೆಸಂದಿನೊಳಗೆ ಹರಡಿರುವುದು, ಅಂಚಿನಾಚೆಗೆ ಚದುರಿದ ಗುಳ್ಳೆಗಳು, ಇವೆಲ್ಲವೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ಸಾಮಾನ್ಯ ಡೈಪರ್ ದದ್ದಾಗಿ ಆರಂಭವಾದದ್ದರ ಮೇಲೆ ಈಗ ಕ್ಯಾಂಡಿಡಾ ಎಂಬ ಶಿಲೀಂಧ್ರ ನೆಲೆಯೂರಿರುವ ಸಾಧ್ಯತೆ ಹೆಚ್ಚು. ಇವು ಎರಡು ಬೇರೆ ಬೇರೆ ತೊಂದರೆಗಳು. ಒಂದಕ್ಕೆ ಮಾಡುವ ಉಪಚಾರದಿಂದ ಇನ್ನೊಂದು ಹೋಗುವುದಿಲ್ಲ.

ಮೊದಲನೆಯದು ಹೇಗೆ ಬರುತ್ತದೆಂಬುದನ್ನು ನೋಡೋಣ. ಡೈಪರ್‌ನಲ್ಲಿರುವ ಯಾವುದೋ ರಾಸಾಯನಿಕದಿಂದ ಮಗುವಿಗೆ ಅಲರ್ಜಿಯಾಗಿದೆ ಎಂದು ಬಹಳಷ್ಟು ತಾಯಂದಿರು ಭಾವಿಸುತ್ತಾರೆ. ಅಂಥ ಅಲರ್ಜಿ ಇಲ್ಲವೆಂದಲ್ಲ, ಆದರೆ ಅದು ಅಪರೂಪ, ಮತ್ತು ಅದರ ಗುರುತೇ ಬೇರೆ: ಸೊಂಟದ ಪಕ್ಕದಲ್ಲಿ, ತೊಡೆಯ ಸುತ್ತ, ಎಲಾಸ್ಟಿಕ್ ಮತ್ತು ಅಂಟುಪಟ್ಟಿ ತಾಗುವ ಜಾಗದಲ್ಲಷ್ಟೇ ಪಟ್ಟಿಯಂತೆ ಕಾಣಿಸಿಕೊಳ್ಳುತ್ತದೆ. ಹಾಗಿದ್ದರೆ ಮಾತ್ರ ಬೇರೆ ಕಂಪನಿಯ ಡೈಪರ್ ಪ್ರಯತ್ನಿಸಬೇಕು. ಉಳಿದೆಲ್ಲರ ತೊಂದರೆಯ ಮೂಲ ತೇವ, ಉಜ್ಜಾಟ ಮತ್ತು ಮಲ. ಹೆಚ್ಚು ಹೊತ್ತು ಬಟ್ಟೆ ಒಗೆದ ಕೈಬೆರಳು ಹೇಗೆ ಬಿಳಿಚಿ ಸುಕ್ಕಾಗಿ ಮೃದುವಾಗುತ್ತದೆಯೋ, ಒದ್ದೆಯಲ್ಲೇ ಇರುವ ಮಗುವಿನ ಚರ್ಮವೂ ಹಾಗೆಯೇ ಮೆತ್ತಗಾಗುತ್ತದೆ. ಆ ಸ್ಥಿತಿಯಲ್ಲಿ ಮಗು ಅಂಬೆಗಾಲಿಟ್ಟು ಓಡಾಡಿದರೆ ಡೈಪರ್ ಉಜ್ಜಿಯೇ ಮೇಲ್ಪದರ ಸವೆಯುತ್ತದೆ.

ಮೂತ್ರದ ಅಮೋನಿಯಾ ಚರ್ಮವನ್ನು ಸುಡುತ್ತದೆ ಎಂಬ ಮಾತು ವೈದ್ಯರ ಬಾಯಲ್ಲೂ ಬಹುಕಾಲ ಇತ್ತು. ನಡೆಯುವುದು ಸ್ವಲ್ಪ ಬೇರೆ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯವಾಗಿರುತ್ತದೆ, ಅದೇ ಅದರ ರಕ್ಷಣೆ. ಮಲದಲ್ಲಿರುವ ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಅಮೋನಿಯಾ ಆಗಿ ಒಡೆದಾಗ ಆ ಜಾಗ ಕ್ಷಾರೀಯವಾಗುತ್ತದೆ. ಮಲದೊಡನೆ ಬಂದಿರುವ, ಕೊಬ್ಬು ಮತ್ತು ಪ್ರೋಟೀನುಗಳನ್ನು ಜೀರ್ಣಿಸುವ ಕಿಣ್ವಗಳು ಕ್ಷಾರೀಯ ವಾತಾವರಣದಲ್ಲಿ ಚುರುಕಾಗುತ್ತವೆ. ಕರುಳಿನಲ್ಲಿ ಆಹಾರವನ್ನು ಅರಗಿಸಬೇಕಾದ ಕಿಣ್ವಗಳೇ ಆಗ ಚರ್ಮದ ಮೇಲ್ಪದರವನ್ನು ಕೊರೆಯತೊಡಗುತ್ತವೆ. ಹೀಗಾಗಿ ಬರಿಯ ಮೂತ್ರದಿಂದ ಒದ್ದೆಯಾದ ಡೈಪರ್‌ಗಿಂತ ಮೂತ್ರ ಮತ್ತು ಮಲ ಬೆರೆತ ಡೈಪರ್ ಅನೇಕ ಪಾಲು ಕೆಟ್ಟದ್ದು. ಭೇದಿಯಲ್ಲಿ ಮಲ ಕರುಳಿನಲ್ಲಿ ನಿಲ್ಲದೆ ಬೇಗ ಹೊರಬರುವುದರಿಂದ ಈ ಕಿಣ್ವಗಳ ಪ್ರಮಾಣ ಇನ್ನಷ್ಟು ಹೆಚ್ಚಿರುತ್ತದೆ. ನಿಮ್ಮ ಮಗಳಿಗೆ ಭೇದಿಯಾದ ನಾಲ್ಕೈದು ದಿನಗಳಲ್ಲೇ ದದ್ದು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ರಾಗಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೊದಲ ತಿಂಗಳುಗಳಲ್ಲಿ ಎದೆಹಾಲನ್ನಷ್ಟೇ ಕುಡಿಯುವ ಮಗುವಿನ ಮಲ ತುಸು ಆಮ್ಲೀಯವಾಗಿರುತ್ತದೆ, ಅಂಥ ಮಕ್ಕಳಲ್ಲಿ ದದ್ದು ಕಡಿಮೆ. ಆರು ತಿಂಗಳ ನಂತರ ಬೇರೆ ಆಹಾರ ಆರಂಭವಾದಾಗ ಮಲದ ಸ್ವರೂಪ ಬದಲಾಗುತ್ತದೆ. ಒಂಬತ್ತರಿಂದ ಹನ್ನೆರಡನೆಯ ತಿಂಗಳ ನಡುವೆ ಈ ತೊಂದರೆ ಅತಿ ಹೆಚ್ಚಾಗಿ ಕಾಣಿಸುವುದಕ್ಕೆ ಅದೂ ಒಂದು ಕಾರಣ. ಮಣ್ಣಿ ತಿನ್ನಿಸತೊಡಗಿದ ಮೇಲೆ ದದ್ದು ಬಂತೆಂಬ ಅತ್ತೆಯವರ ಗಮನಿಕೆ ಆ ಮಟ್ಟಿಗೆ ಸರಿಯೇ. ಆದರೆ ಅದಕ್ಕೆ ರಾಗಿಯ ಉಷ್ಣ ಕಾರಣವಲ್ಲ. ಅಕ್ಕಿ ಗಂಜಿ, ನೇಂದ್ರ ಬಾಳೆಕಾಯಿಯ ಹುಡಿ, ಯಾವುದನ್ನು ಕೊಟ್ಟಿದ್ದರೂ ಮಲ ಬದಲಾಗುತ್ತಿತ್ತು. ಮಣ್ಣಿಯನ್ನು ನಿಲ್ಲಿಸಬೇಡಿ. ಎಂಟು ತಿಂಗಳ ಮಗುವಿನ ಆಹಾರವನ್ನು ದದ್ದಿನ ಭಯಕ್ಕೆ ಕಡಿತಗೊಳಿಸಿ, ತೂಕ ಏರದ ಮಗುವನ್ನು ಕರೆತರುವವರನ್ನು ನಾನು ಆಗಾಗ ನೋಡುತ್ತೇನೆ. ಹಲ್ಲು ಬರುವುದರಿಂದ ಹೀಗಾಗುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ. ಹಲ್ಲು ಬರುವ ವಯಸ್ಸೂ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿ ಭೇದಿ ತಂದುಕೊಳ್ಳುವ ವಯಸ್ಸೂ ಒಂದೇ ಆಗಿರುವುದರಿಂದ ಹಾಗೆ ತೋರುತ್ತದೆ.

ಈಗ ಶಿಲೀಂಧ್ರದ ಮಾತು. ಕ್ಯಾಂಡಿಡಾ ಎಲ್ಲಿಂದಲೋ ಬಂದು ಅಂಟಿಕೊಳ್ಳುವ ರೋಗಾಣುವಲ್ಲ, ಬಹುಪಾಲು ಜನರ ಕರುಳಿನಲ್ಲಿ ಸದಾ ಇರುವಂಥದ್ದು. ಆ್ಯಂಟಿಬಯೋಟಿಕ್ ಅದರ ಸುತ್ತಲಿನ ಬ್ಯಾಕ್ಟೀರಿಯಾಗಳನ್ನು ಕೊಂದಾಗ ಅದಕ್ಕೆ ಹರಡಲು ಜಾಗ ಸಿಗುತ್ತದೆ. ಮಲದ ಮೂಲಕ ಹೊರಬಂದು, ಆಗಲೇ ಸವೆದು ಒದ್ದೆಯಾಗಿರುವ ಚರ್ಮದಲ್ಲಿ ಬೇರುಬಿಡುತ್ತದೆ. ದದ್ದು ಮೂರು ದಿನಕ್ಕಿಂತ ಹೆಚ್ಚು ಕಾಲ ಇಳಿಯದೆ ಉಳಿದರೆ ಅದರಲ್ಲಿ ಕ್ಯಾಂಡಿಡಾ ಸೇರಿಕೊಂಡಿರಬಹುದೆಂದು ನಾವು ಅನುಮಾನಿಸುತ್ತೇವೆ. ಮನೆಯಲ್ಲೇ ಗುರುತಿಸಲು ಒಂದು ದಾರಿಯಿದೆ: ಒಳ್ಳೆಯ ಬೆಳಕಿನಲ್ಲಿ ಮಗುವಿನ ಕಾಲುಗಳನ್ನಗಲಿಸಿ ತೊಡೆಸಂದನ್ನು ಬಿಡಿಸಿ ನೋಡಿ. ಸಾಮಾನ್ಯ ದದ್ದು ಡೈಪರ್ ನೇರವಾಗಿ ತಾಗುವ ಉಬ್ಬಿದ ಜಾಗಗಳಲ್ಲಿ, ಅಂದರೆ ಪೃಷ್ಠ, ತೊಡೆಯ ಒಳಮೈ, ಹೊಟ್ಟೆಯ ಕೆಳಭಾಗದಲ್ಲಿ ಇರುತ್ತದೆ, ಸಂದಿನ ಆಳ ಬಹುಮಟ್ಟಿಗೆ ಸ್ವಚ್ಛವಾಗಿರುತ್ತದೆ. ಕ್ಯಾಂಡಿಡಾ ಸಂದಿನೊಳಗೇ ಗಾಢವಾಗಿರುತ್ತದೆ, ಅದರ ಅಂಚು ಸ್ಪಷ್ಟವಾಗಿರುತ್ತದೆ, ಅಂಚಿನಾಚೆ ಬಿಡಿಬಿಡಿಯಾಗಿ ಸಣ್ಣ ಗುಳ್ಳೆಗಳಿರುತ್ತವೆ. ನೀವು ವಿವರಿಸಿರುವುದು ಎರಡನೆಯದನ್ನೇ. ಪುಸ್ತಕಗಳಲ್ಲೂ ಮೊಬೈಲಿನಲ್ಲೂ ಸಿಗುವ ಚಿತ್ರಗಳು ಹೆಚ್ಚಾಗಿ ಬಿಳಿ ಮೈಬಣ್ಣದ ಮಕ್ಕಳವು; ನಮ್ಮ ಮಕ್ಕಳಲ್ಲಿ ಅದು ಕಡುಗೆಂಪಾಗಿಯೋ ಕಂದು ನೇರಳೆಯಾಗಿಯೋ ಕಾಣಬಹುದು ಎಂಬುದೂ ನೆನಪಿರಲಿ. ಮಗುವಿನ ಬಾಯೊಳಗೆ, ಕೆನ್ನೆಯ ಒಳಭಾಗದಲ್ಲಿ ಒರೆಸಿದರೆ ಹೋಗದ ಬಿಳಿ ಪದರವಿದೆಯೇ, ನಿಮಗೆ ಹಾಲೂಡುವಾಗ ಮೊಲೆತೊಟ್ಟಿನಲ್ಲಿ ಉರಿಯಿದೆಯೇ ಎಂದೂ ಗಮನಿಸಿ. ಇದ್ದರೆ ತಾಯಿ ಮಗು ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಬೇಕಾಗುತ್ತದೆ.

ಹಾಗಾದರೆ ಆ ಟ್ಯೂಬ್ ಎರಡೇ ದಿನದಲ್ಲಿ ಹೇಗೆ ಗುಣ ಕೊಟ್ಟಿತು? ಟ್ಯೂಬಿನ ಹೆಸರನ್ನು ನೀವು ಬರೆದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಅದರ ಮೇಲಿನ ಸಣ್ಣಕ್ಷರಗಳನ್ನು ಓದಿ. ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಬೆಕ್ಲೊಮೆಥಾಸೋನ್ ಎಂಬ ಹೆಸರುಗಳಲ್ಲಿ ಒಂದಿದ್ದರೆ ಅದು ಸ್ಟಿರಾಯ್ಡ್. ಶಿಲೀಂಧ್ರನಾಶಕ, ಆ್ಯಂಟಿಬಯೋಟಿಕ್ ಮತ್ತು ಪ್ರಬಲ ಸ್ಟಿರಾಯ್ಡ್ ಮೂರನ್ನೂ ಬೆರೆಸಿದ ಮುಲಾಮುಗಳು ನಮ್ಮ ದೇಶದಲ್ಲಿ ಧಾರಾಳವಾಗಿ ಮಾರಾಟವಾಗುತ್ತವೆ. ಯಾವ ಕಾಯಿಲೆಯೆಂದು ಗೊತ್ತಿಲ್ಲದಿದ್ದರೂ ಮೂರರಲ್ಲಿ ಒಂದು ತಗಲುತ್ತದೆ ಎಂಬುದೇ ಇದರ ಹಿಂದಿನ ಲೆಕ್ಕಾಚಾರ. ಸ್ಟಿರಾಯ್ಡ್ ಚರ್ಮದ ಉರಿಯೂತವನ್ನು ಅಡಗಿಸುತ್ತದೆ, ಕೆಂಪು ಬೇಗ ಮರೆಯಾಗುತ್ತದೆ, ಮಗು ಅಳುವುದು ನಿಲ್ಲುತ್ತದೆ, ಮನೆಯವರಿಗೆ ನೆಮ್ಮದಿಯಾಗುತ್ತದೆ. ಆದರೆ ಆ ಉರಿಯೂತವೇ ಶಿಲೀಂಧ್ರದ ವಿರುದ್ಧ ದೇಹ ನಡೆಸುತ್ತಿದ್ದ ಹೋರಾಟ. ಅದು ತಗ್ಗಿದಾಗ ಶಿಲೀಂಧ್ರಕ್ಕೆ ಅನುಕೂಲವಾಗುತ್ತದೆ. ಟ್ಯೂಬಿನಲ್ಲಿ ಶಿಲೀಂಧ್ರನಾಶಕವೂ ಇತ್ತಲ್ಲ ಎಂದು ನೀವು ಕೇಳಬಹುದು. ಇದ್ದರೂ ಅದು ಕೆಲಸ ಮಾಡಲು ವಾರಕ್ಕಿಂತ ಹೆಚ್ಚು ದಿನ ಬೇಕು, ಕೆಂಪು ಹೋಯಿತೆಂದು ಎರಡು ಮೂರು ದಿನಕ್ಕೇ ನಿಲ್ಲಿಸಿದರೆ ಶಿಲೀಂಧ್ರ ಉಳಿದೇ ಇರುತ್ತದೆ.

ಅಪಾಯ ಅಷ್ಟಕ್ಕೇ ಮುಗಿಯುವುದಿಲ್ಲ. ಡೈಪರ್ ಮುಚ್ಚಿದ ಜಾಗದಲ್ಲಿ ಶಾಖವೂ ತೇವವೂ ಇರುವುದರಿಂದ ಹಚ್ಚಿದ ಔಷಧಿ ತೆರೆದ ಚರ್ಮಕ್ಕಿಂತ ಹೆಚ್ಚಾಗಿ ಒಳಸೇರುತ್ತದೆ, ಮಗುವಿನ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರವೂ ದೊಡ್ಡದು. ಪ್ರಬಲ ಸ್ಟಿರಾಯ್ಡನ್ನು ವಾರಗಟ್ಟಲೆ ಹಚ್ಚಿದ ಮಕ್ಕಳಲ್ಲಿ ಚರ್ಮ ತೆಳುವಾಗಿ ರಕ್ತನಾಳಗಳು ಕಾಣುವುದು, ಬಿಳಿ ಮಚ್ಚೆ ಬೀಳುವುದು, ಗಂಟುಗಳಾಗುವುದು ಉಂಟು. ಅದು ರಕ್ತಕ್ಕೆ ಸೇರಿ, ದೇಹವೇ ತಯಾರಿಸುವ ಸ್ಟಿರಾಯ್ಡ್ ಹಾರ್ಮೋನನ್ನು ತಗ್ಗಿಸುವುದೂ ಸಾಧ್ಯ. 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಹಲವು ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿದ್ದು ಇದೇ ಬಗೆಯ ದುರ್ಬಳಕೆಯನ್ನು ತಡೆಯಲು. ಕೌಂಟರಿನಲ್ಲಿ ಆ ನಿಯಮ ಹೇಗೆ ಪಾಲನೆಯಾಗುತ್ತಿದೆ ಎಂಬುದಕ್ಕೆ ನಿಮ್ಮ ಪತ್ರವೇ ಸಾಕ್ಷಿ. ನೀವು ಕೆಲವೇ ದಿನ ಹಚ್ಚಿರುವುದರಿಂದ ಗಾಬರಿಪಡುವ ಕಾರಣವಿಲ್ಲ. ಇಷ್ಟಕ್ಕೇ ನಿಲ್ಲಿಸಿದರೆ ಸಾಕು. ತೀವ್ರ ಉರಿಯೂತವಿರುವಾಗ ನಾವೂ ಕೆಲವೊಮ್ಮೆ ಒಂದು ಶೇಕಡಾ ಹೈಡ್ರೋಕಾರ್ಟಿಸೋನ್‌ನಂಥ ಸೌಮ್ಯ ಸ್ಟಿರಾಯ್ಡನ್ನು ಕೆಲವು ದಿನಗಳ ಮಟ್ಟಿಗೆ ಬರೆಯುತ್ತೇವೆ, ಆದರೆ ಅದು ನೋಡಿ ಬರೆಯಬೇಕಾದ ಔಷಧಿ.

ಮಾಡಬೇಕಾದದ್ದು ಇಷ್ಟು. ಕೇವಲ ಕ್ಲೋಟ್ರಿಮಜೋಲ್ ಇರುವ, ಬೇರೇನೂ ಬೆರೆಯದ ಒಂದು ಶೇಕಡಾ ಮುಲಾಮನ್ನು, ನಿಮ್ಮ ಮಕ್ಕಳ ವೈದ್ಯರಿಗೆ ಫೋನಿನಲ್ಲಾದರೂ ಒಂದು ಮಾತು ತಿಳಿಸಿ, ದಿನಕ್ಕೆ ಎರಡು ಬಾರಿ ತೆಳುವಾಗಿ ಸಂದಿನೊಳಗೂ ಗುಳ್ಳೆಗಳಿರುವಷ್ಟು ಜಾಗಕ್ಕೂ ಹಚ್ಚಿ. ಕೆಂಪು ಮೂರ್ನಾಲ್ಕು ದಿನದಲ್ಲಿ ಇಳಿಯತೊಡಗುತ್ತದೆ, ಆದರೂ ಏಳರಿಂದ ಹತ್ತು ದಿನ ಮುಂದುವರಿಸಿ. ಮೈಕೊನಜೋಲ್ ಬರೆದುಕೊಟ್ಟರೂ ಆದೀತು. ಅದು ಹೀರಿಕೊಳ್ಳಲು ಕೆಲವು ನಿಮಿಷ ಬಿಟ್ಟು, ಅದರ ಮೇಲೆ ಝಿಂಕ್ ಆಕ್ಸೈಡ್ ಇರುವ ಗಟ್ಟಿ ಮುಲಾಮನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಚರ್ಮ ಕಾಣದಷ್ಟು ದಪ್ಪವಾಗಿ ಬಳಿಯಿರಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಮುಖಕ್ಕೆ ಕ್ರೀಮ್ ಹಚ್ಚಿದಂತೆ ತೆಳುವಾಗಿ ತಿಕ್ಕಿ, ಅದು ಮಾಯವಾದ ಮೇಲೆ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಮಲ ಮೂತ್ರ ಚರ್ಮಕ್ಕೆ ತಾಗದಂತೆ ನಡುವೆ ನಿಲ್ಲುವುದೇ ಈ ಲೇಪದ ಕೆಲಸ, ಆದ್ದರಿಂದ ಅದು ಕಣ್ಣಿಗೆ ಕಾಣುವಂತೆ ಉಳಿಯಬೇಕು. ಪ್ರತಿ ಬಾರಿ ಡೈಪರ್ ಬಿಚ್ಚಿದಾಗ ಅದನ್ನೆಲ್ಲ ತಿಕ್ಕಿ ತೆಗೆಯಬಾರದು. ಕೊಳೆಯಾದ ಮೇಲ್ಪದರವನ್ನಷ್ಟೇ ಒರೆಸಿ, ಅದರ ಮೇಲೆಯೇ ಮತ್ತೆ ಬಳಿಯಿರಿ; ಪೂರ್ತಿ ತೆಗೆಯಬೇಕಾದಾಗ ಹತ್ತಿಗೆ ತೆಂಗಿನೆಣ್ಣೆ ಹಾಕಿ ಮೆಲ್ಲಗೆ ಒರೆಸಿದರೆ ನೋವಿಲ್ಲದೆ ಬರುತ್ತದೆ.

ತೆಂಗಿನೆಣ್ಣೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ದದ್ದಿಲ್ಲದ ಚರ್ಮಕ್ಕೆ ದಿನನಿತ್ಯ ಹಚ್ಚಲು, ಅಂಟಿದ ಮಲವನ್ನು ಒರೆಸಲು ಅದು ಚೆನ್ನ. ಆದರೆ ನಮ್ಮ ಕರಾವಳಿಯ ಶಾಖಕ್ಕೆ ಅದು ತೆಳುವಾಗಿ ಹರಿದು ಡೈಪರ್‌ಗೆ ಇಳಿದುಬಿಡುವುದರಿಂದ, ಕೆರೆದು ಹೋದ ಚರ್ಮಕ್ಕೆ ದಪ್ಪ ಲೇಪದಷ್ಟು ರಕ್ಷಣೆ ಕೊಡಲಾರದು. ಅರಸಿನವನ್ನು ಬಿಡಿ. ಬಿರಿದ ಚರ್ಮಕ್ಕೆ ಅದು ಉರಿ ತರಬಹುದು, ಮೇಲಾಗಿ ಹಳದಿ ಬಣ್ಣದಡಿ ಕೆಂಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದೇ ತಿಳಿಯುವುದಿಲ್ಲ. ಪೌಡರನ್ನಂತೂ ಡಬ್ಬಿ ಸಮೇತ ಆಚೆಗಿಡಿ. ಅದು ತೇವವನ್ನು ಹೀರುವುದಕ್ಕಿಂತ ಹೆಚ್ಚಾಗಿ ಸಂದಿನಲ್ಲಿ ಮುದ್ದೆಯಾಗಿ ಉಜ್ಜುತ್ತದೆ. ಅದಕ್ಕಿಂತ ಮುಖ್ಯವಾಗಿ, ಟಾಲ್ಕ್ ಪೌಡರಿನ ಧೂಳು ಮಗುವಿನ ಶ್ವಾಸಕೋಶಕ್ಕೆ ಹೋಗುವುದು ನಿಜವಾದ ಅಪಾಯ. ಬೋರಿಕ್ ಆ್ಯಸಿಡ್ ಇರುವ ಪೌಡರ್ ಹಳೆಯ ಮನೆಗಳಲ್ಲಿ ಈಗಲೂ ಸಿಗುತ್ತದೆ, ಅದು ಬಿರಿದ ಚರ್ಮದ ಮೂಲಕ ದೇಹಕ್ಕೆ ಸೇರಿ ವಿಷವಾಗಬಲ್ಲದು. ಸ್ನಾನದ ನೀರಿಗೆ ಆ್ಯಂಟಿಸೆಪ್ಟಿಕ್ ದ್ರವ ಬೆರೆಸುವುದೂ ಬೇಡ, ಕಡಲೆ ಹಿಟ್ಟು ಹೆಸರು ಹಿಟ್ಟು ಹಾಕಿ ಆ ಭಾಗವನ್ನು ತಿಕ್ಕುವುದೂ ದದ್ದು ಹೋಗುವವರೆಗೆ ಬೇಡ. ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿ ಸಾಕು. ಹೆಣ್ಣುಮಗುವಾದ್ದರಿಂದ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ವೈಪ್ಸ್ ಬಳಸಲೇಬೇಕಾದ ಪ್ರಯಾಣಗಳಲ್ಲಿ ಪರಿಮಳವೂ ಆಲ್ಕೊಹಾಲೂ ಇಲ್ಲದ್ದನ್ನು ಆರಿಸಿ. ಸೊಂಟಕ್ಕೆ ಉಡಿದಾರವೋ ನೇವಳವೋ ಕಟ್ಟಿದ್ದರೆ ಅದರಡಿಯ ಚರ್ಮವನ್ನೂ ಒರೆಸಿ ಒಣಗಿಸಿ.

ಇನ್ನು ಬಟ್ಟೆಯೋ ಡೈಪರೋ ಎಂಬ ವಾದಕ್ಕೆ ಬರುತ್ತೇನೆ. ಇಂದಿನ ಡೈಪರ್‌ಗಳೊಳಗಿನ ಹರಳುಗಳು ಮೂತ್ರವನ್ನು ಹೀರಿ ಜೆಲ್ ಆಗಿ ಹಿಡಿದಿಟ್ಟುಕೊಳ್ಳುವುದರಿಂದ ಚರ್ಮಕ್ಕೆ ತಾಗುವ ತೇವ ಕಡಿಮೆ. ಸಮಯಕ್ಕೆ ಸರಿಯಾಗಿ ಬದಲಿಸಿದರೆ ಬಟ್ಟೆಗಿಂತ ಅದೇ ಒಣಗಿರುತ್ತದೆ. ಆದರೆ ಈ ಗುಣವೇ ದೋಷವೂ ಆಗುತ್ತದೆ: ಮೇಲೆ ಮುಟ್ಟಿದರೆ ಒಣಗಿದಂತಿರುವುದರಿಂದ ಬದಲಿಸುವುದನ್ನು ಆರೇಳು ಗಂಟೆ ಮುಂದೂಡುತ್ತಾರೆ, ಮಗು ಸ್ವಲ್ಪವೇ ಮಲ ಮಾಡಿದ್ದರೆ ಅದು ಗೊತ್ತೇ ಆಗುವುದಿಲ್ಲ. ಬಟ್ಟೆ ಒದ್ದೆಯಾದ ಕೂಡಲೇ ಎತ್ತಿಕೊಂಡವರ ಕೈಗೂ ಸೀರೆಗೂ ತಿಳಿಯುತ್ತಿತ್ತು, ಹಾಗಾಗಿ ಕೂಡಲೇ ಬದಲಾಗುತ್ತಿತ್ತು. ನಿಮ್ಮ ತವರಿನಲ್ಲಿ ದದ್ದು ಬಾರದಿದ್ದುದಕ್ಕೆ ಪಂಚೆಯ ಮಹಿಮೆಗಿಂತ, ಆಗ ಮಗುವಿಗೆ ಎದೆಹಾಲಷ್ಟೇ ಇದ್ದದ್ದು ಮತ್ತು ಸುತ್ತ ಕೈಗಳು ಹೆಚ್ಚಿದ್ದದ್ದು ಕಾರಣವೆಂದು ನನ್ನ ಅಂದಾಜು.

ಉಡುಪಿ ಮಂಗಳೂರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಗೆ ಮರಳುವುದು ಹೇಳಿದಷ್ಟು ಸುಲಭವಲ್ಲ. ಜಗಲಿಯ ಹಗ್ಗದಲ್ಲಿ ಎರಡು ದಿನ ತೂಗಿದರೂ ತಣ್ಣಗೇ ಇರುವ ಬಟ್ಟೆಯನ್ನು ಕಟ್ಟಿದರೆ ಮಗುವನ್ನು ಮೊದಲೇ ತೇವದಲ್ಲಿ ಕೂರಿಸಿದಂತಾಗುತ್ತದೆ. ಒದ್ದೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ, ಗಾಳಿಯೂ ಇಲ್ಲ, ಹೀರುವಿಕೆಯೂ ಇಲ್ಲ. ಬಟ್ಟೆಯನ್ನೇ ಬಯಸುವುದಾದರೆ ಮಲವನ್ನು ಮೊದಲು ತೊಳೆದು, ಬಿಸಿನೀರಿನಲ್ಲಿ ಒಗೆದು, ಸೋಪು ಪೂರ್ತಿ ಹೋಗುವಂತೆ ಎರಡು ಮೂರು ನೀರಿನಲ್ಲಿ ಜಾಲಾಡಿ, ಮೃದುಗೊಳಿಸುವ ಪರಿಮಳದ ದ್ರವಗಳನ್ನು ಬಳಸದೆ, ಬಿಸಿಲಿಲ್ಲದ ದಿನ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿಯೇ ಕಟ್ಟಬೇಕು. ಇದಕ್ಕೆಲ್ಲ ಮನೆಯಲ್ಲಿ ಯಾರಿಗೆ ಸಮಯವಿದೆ ಎಂಬುದನ್ನೂ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಆ ಹೊರೆಯೆಲ್ಲ ಅತ್ತೆಯವರ ಸೊಂಟದ ಮೇಲೆ ಬೀಳುವುದಾದರೆ ಅದೂ ಸರಿಯಲ್ಲ.

ನಿಮ್ಮ ಸ್ಥಿತಿಯಲ್ಲಿ ನಾನಾಗಿದ್ದರೆ ಮಳೆಗಾಲ ಮುಗಿಯುವವರೆಗೆ ರಾತ್ರಿಗೂ ಪ್ರಯಾಣಕ್ಕೂ ಡೈಪರ್, ಹಗಲಿನಲ್ಲಿ ಡೈಪರಿನೊಂದಿಗೆ ಬಿಡುವಿನ ಹೊತ್ತು ಎಂದು ಹಂಚಿಕೊಳ್ಳುತ್ತಿದ್ದೆ. ಹಗಲಿನಲ್ಲಿ ಮೂರು ಗಂಟೆಗೊಮ್ಮೆ, ಮಲ ಮಾಡಿದ್ದರೆ ತಕ್ಷಣ, ದದ್ದಿರುವಷ್ಟು ದಿನ ರಾತ್ರಿಯೂ ಒಮ್ಮೆ ಬದಲಿಸಬೇಕು. ದಿನಕ್ಕೆ ಮೂರ್ನಾಲ್ಕು ಬಾರಿ, ಪ್ರತಿ ಬಾರಿ ಕಾಲು ಗಂಟೆಯಾದರೂ, ರಬ್ಬರ್ ಶೀಟಿನ ಮೇಲೆ ಮಡಚಿದ ಹತ್ತಿಬಟ್ಟೆ ಹಾಸಿ ಮಗುವನ್ನು ಏನೂ ತೊಡಿಸದೆ ಬಿಡಿ. ಚಾಪೆ ಒದ್ದೆಯಾಗುತ್ತದೆ, ಆಗಲಿ. ಒಣಗಿಸಲು ಹೇರ್ ಡ್ರೈಯರ್ ಬೇಡ, ಫ್ಯಾನಿನ ಗಾಳಿ ಸಾಕು. ಡೈಪರನ್ನು ಬೆರಳು ಸಲೀಸಾಗಿ ಒಳಹೋಗುವಷ್ಟು ಸಡಿಲವಾಗಿ ಕಟ್ಟಿ; ಕೆನ್ನೀಲಿ ಗುರುತು ಬೀಳುತ್ತಿದ್ದರೆ ಒಂದು ಅಳತೆ ದೊಡ್ಡದನ್ನು ತನ್ನಿ. ಹಗಲಿಡೀ ಮಗುವನ್ನು ನೋಡಿಕೊಳ್ಳುವವರು ಅತ್ತೆಯವರಾದ್ದರಿಂದ ಯಾವ ಮುಲಾಮು ಮೊದಲು, ಯಾವುದು ಮೇಲೆ ಎಂಬುದನ್ನು ಅವರ ಜೊತೆ ಕುಳಿತು ಒಮ್ಮೆ ಮಾಡಿ ತೋರಿಸಿದರೆ ಚೀಟಿ ಬರೆದಿಡುವುದಕ್ಕಿಂತ ಹೆಚ್ಚು ಉಪಯೋಗ. ಭೇದಿ ಇನ್ನೂ ಉಳಿದಿದ್ದರೆ, ಅದರಲ್ಲೂ ಮಲ ನೊರೆಯಾಗಿ ಹುಳಿ ವಾಸನೆ ಬರುತ್ತಿದ್ದರೆ, ಅದಕ್ಕೂ ಚಿಕಿತ್ಸೆಯಾಗಬೇಕು. ಅದು ನಿಲ್ಲದೆ ಯಾವ ಲೇಪವೂ ಪೂರ್ತಿ ಗುಣ ಕೊಡದು. ದದ್ದು ಆರಿದ ಮೇಲೆ ಆ ಜಾಗ ಕೆಲವು ವಾರ ಸುತ್ತಲಿಗಿಂತ ಬಿಳಿಯಾಗಿಯೋ ಕಪ್ಪಾಗಿಯೋ ಉಳಿಯಬಹುದು, ಅದಕ್ಕೆ ಔಷಧಿ ಬೇಡ, ತಾನಾಗಿ ಸರಿಹೋಗುತ್ತದೆ.

ಹೀಗೆ ಮಾಡಿಯೂ ನಾಲ್ಕೈದು ದಿನದಲ್ಲಿ ಬದಲಾವಣೆ ಕಾಣದಿದ್ದರೆ ತೋರಿಸಲೇಬೇಕು, ಏಕೆಂದರೆ ಡೈಪರ್ ಜಾಗದ ಕೆಂಪೆಲ್ಲವೂ ಡೈಪರ್ ದದ್ದಲ್ಲ. ನೀರ್ಗುಳ್ಳೆ ಒಡೆದು ಹಳದಿ ಹಕ್ಕಳೆ ಕಟ್ಟಿದರೆ ಬ್ಯಾಕ್ಟೀರಿಯಾ ಸೋಂಕು. ಗುದದ್ವಾರದ ಸುತ್ತ ಮಾತ್ರ ಉಂಗುರದಂತೆ ಗಾಢ ಕೆಂಪಾಗಿ, ಮಲ ಮಾಡುವಾಗ ಮಗು ಚೀರಿದರೆ ಸ್ಟ್ರೆಪ್ಟೊಕಾಕಸ್ ಸೋಂಕು ಇರಬಹುದು, ಇವಕ್ಕೆ ಬೇರೆ ಔಷಧಿ. ತಲೆಯಲ್ಲಿ ಎಣ್ಣೆಜಿಡ್ಡಿನ ಹೊಟ್ಟು, ಕಿವಿಯ ಹಿಂದೆ ಕತ್ತಿನ ಮಡಿಕೆಯಲ್ಲೂ ಕೆಂಪು ಇದ್ದರೆ ಸೆಬೊರಿಕ್ ಡರ್ಮಟೈಟಿಸ್ ಎಂಬ ನಿರುಪದ್ರವಿ ತೊಂದರೆ. ಬಾಯಿಯ ಸುತ್ತ, ಕೈಕಾಲುಗಳ ತುದಿಯಲ್ಲೂ ಅದೇ ಬಗೆಯ ಗಾಯಗಳು, ಬಿಡದ ಭೇದಿ, ಕೂದಲು ಉದುರುವುದು ಒಟ್ಟಿಗೆ ಬಂದರೆ ಅದು ದೇಹದಲ್ಲಿ ಸತುವಿನ ಕೊರತೆಯ ಲಕ್ಷಣ. ಮೇಲೆ ಹಚ್ಚುವ ಝಿಂಕ್ ಮುಲಾಮಿನಿಂದ ಅದು ಹೋಗುವುದಿಲ್ಲ, ಸತುವನ್ನು ಬಾಯಿಂದಲೇ ಕೊಡಬೇಕಾಗುತ್ತದೆ. ಜ್ವರ ಬಂದರೆ, ಕೀವು ಅಥವಾ ರಕ್ತ ಕಂಡರೆ, ಮಗು ಮಂಕಾಗಿ ಹಾಲು ಬಿಟ್ಟರೆ, ಮೂತ್ರ ಕಡಿಮೆಯಾದರೆ ದಿನ ಎಣಿಸುತ್ತ ಕೂರದೆ ಅಂದೇ ಹೊರಡಿ.

ಚರ್ಮದ ವೈದ್ಯರ ಬಳಿಗೇ ಹೋಗುವುದಾದರೆ ಆ ಬೆಳಿಗ್ಗೆ ಯಾವ ಮುಲಾಮನ್ನೂ ಹಚ್ಚದೆ ಕರೆದೊಯ್ಯಿರಿ. ಅನುಮಾನವಿದ್ದಾಗ ಚರ್ಮದ ಮೇಲಿನ ಪೊರೆಯನ್ನು ಮೆಲ್ಲಗೆ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ; ಮಗುವಿಗೆ ನೋವಾಗುವುದಿಲ್ಲ, ಕ್ಯಾಂಡಿಡಾ ಇದೆಯೋ ಇಲ್ಲವೋ ಎಂಬುದು ಸಾಮಾನ್ಯವಾಗಿ ಅದೇ ಹೊತ್ತಿಗೆ ತಿಳಿಯುತ್ತದೆ. ಚರ್ಮದ ಮೇಲೆ ಝಿಂಕ್ ಲೇಪವೋ ಎಣ್ಣೆಯೋ ಇದ್ದರೆ ಆ ಪರೀಕ್ಷೆ ಕೆಡುತ್ತದೆ.